ಕಣದ ಅಂಚಿನ ಚಪ್ಪಲಿ

“ಯುವರ್‌ಸೆಲುಪು ಅಲ್ಲ ಕಣೇ, ಯುವರ್‌ಸೆಲ್ಫ್!” ಅಲಮೇಲು ಬಿದ್ದು ಬಿದ್ದು ನಕ್ಕಳು. “ನಾಳೆ ಅತಿಥಿಗಳ ಮುಂದೆ ಹೀಗೇ ಹೇಳಿದ್ರೆ ಸ್ಕೂಲ್ ಮಾನ ಹೋಯ್ತು!”

ಗೌರಿಯ ಕಿವಿ ಬಿಸಿಯಾಯಿತು. ಮೇಷ್ಟ್ರು ಗದರಲಿಲ್ಲ. “ಬೆಳಗ್ಗೆ ಇನ್ನೊಂದ್ಸಲ ಕೇಳ್ತೀನಿ. ಬರದಿದ್ರೆ ಸ್ವಾಗತದ ಮಾತು ಅಲಮೇಲುಗೆ” ಎಂದರಷ್ಟೆ.

ಪ್ಲೀಸ್ ಮೇಕ್ ಯುವರ್‌ಸೆಲ್ಫ್ ಅಟ್ ಹೋಮ್. ಇದನ್ನು ನಿಮ್ಮ ಮನೆಯೆಂದೇ ತಿಳಿದು ಆರಾಮವಾಗಿರಿ. ಅರ್ಥವೇನೋ ಗೊತ್ತು, ನಾಲಿಗೆಯೇ ತಿರುಗದು.

ಬೈರಸಂದ್ರದ ಅವಳ ಮನೆಯಲ್ಲಿ ಇಂಗ್ಲಿಷ್ ಬಲ್ಲವರಿಲ್ಲ. ಬಲ್ಲವರೆಂದರೆ ಜಯನಗರದ ಹೊಸ ಬೀದಿಯ ಶಾಂತಾದೇವಿ, ದಾವಣಗೆರೆಯಿಂದ ಬಂದವರು. ಆದರೆ ಅವರ ಮನೆ ನಿಂತಿರುವುದು ಒಂದು ಕಾಲಕ್ಕೆ ಗೌರಿಯ ಮನೆಯವರದಾಗಿದ್ದ ಹೊಲದಲ್ಲಿ. ಬಡಾವಣೆಗೆಂದು ಹೊಲ ಹೋದ ಮೇಲೆ ಅಜ್ಜಿ ನಾರಾಯಣಮ್ಮ ಆ ಬೀದಿ ತುಳಿದವಳಲ್ಲ. ಗುಡಿಗೂ ಬಳಸು ದಾರಿಯಲ್ಲೇ ಹೋಗುತ್ತಾಳೆ.

“ಅಜ್ಜಿ, ಜೊತೆಗೆ ಬಾ. ಒಬ್ಳೇ ಹೋಗಕ್ಕೆ ನಾಚಿಕೆ.”

ಮೊರದಲ್ಲಿ ಹುರುಳಿ ಕೇರುತ್ತಿದ್ದ ಅಜ್ಜಿಯ ಕೈ ನಿಂತಿತು. ಮೊಮ್ಮಗಳ ಮುಖ ನೋಡಿ ಮೊರ ಕೆಳಗಿಟ್ಟಳು. “ಸರಸ್ವತಿ ಯಾರ ಮನೇಲಿದ್ರೇನು? ನಡಿ.”

ಅಜ್ಜಿ ಹಿಂದೆಯೇ ಬರುತ್ತಾಳೆಂದುಕೊಂಡು ಗೌರಿ ಶಾಂತಾದೇವಿಯವರ ಮನೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, “ಅಜ್ಜೀನೂ ಬಂದಿದ್ದಾಳೆ ಅಕ್ಕಾ” ಎನ್ನುತ್ತ ಒಳಗೆ ಓಡಿದಳು.

“ಕೆಳತುಟಿ ಹಲ್ಲಿಗೆ ತಾಗ್ಲಿ, ಮೆಲ್ಲಗೆ ಗಾಳಿ ಬಿಡು” ಎಂದರು ಶಾಂತಾದೇವಿ. “ನಾಳೆ ಎಷ್ಟು ಜನ ಬರ್ತಾರೆ?”

“ಇಬ್ರು ಅಕ್ಕಾ.”

“ಹಾಗಾದ್ರೆ ಯುವರ್‌ಸೆಲ್ವ್ಸ್. ಒಬ್ರಾದ್ರೆ ಮಾತ್ರ ಸೆಲ್ಫ್. ಜನ ಹೆಚ್ಚಾದ್ರೆ ಎಫ್ ಹೋಗಿ ವಿ ಬರುತ್ತೆ.”

ಗೌರಿ ಅದನ್ನು ಅಜ್ಜಿ ರಾಗಿ ಬೀಸುವಾಗ ಹಾಡುವ ಪದದ ಧಾಟಿಗೆ ಹಾಕಿಕೊಂಡಳು. ಒಬ್ಬರು ಬಂದರೆ ಯುವರ್‌ಸೆಲ್ಫ್, ಇಬ್ಬರು ಬಂದರೆ ಯುವರ್‌ಸೆಲ್ವ್ಸ್. ಧಾಟಿ ಸಿಕ್ಕಿದ್ದೇ ತಡ, ನಾಲಿಗೆ ತಾನಾಗಿ ತಿರುಗಿತು.

“ಶಭಾಷ್! ಈಗ ನಿಮ್ಮಜ್ಜಿಗೆ ಹೇಳು, ಅವ್ರೇ ಅತಿಥಿ ಅಂದ್ಕೋ. ಅಯ್ಯೋ, ಎಲ್ಲಿ ಅವ್ರು?”

ಅಜ್ಜಿ ಗೇಟಿನ ಬಳಿಯೇ ಇದ್ದಳು. ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಬರಿಗಾಲಲ್ಲಿ ಅಂಗಳದ ಅಂಚಿಗೆ ನಿಂತಿದ್ದಳು.

“ಬೀದೀಲಿ ಯಾಕೆ ಬಿಟ್ರಿ ಅಮ್ಮ? ನಾಯಿ ಕಚ್ಕೊಂಡು ಹೋದಾವು. ಮೆಟ್ಲ ಹತ್ರ ಬಿಡಿ.”

“ಇರ್ಲಿ ಕಣವ್ವ. ನಮ್ ಕಣ ಇಲ್ಲಿಂದ್ಲೇ ಸುರುವಾಗ್ತಿತ್ತು. ರಾಗಿ ಬಡಿದು ರಾಶಿ ಹಾಕಿ ಪೂಜೆ ಮಾಡ್ತಿದ್ದ ಜಾಗ. ಕಣದೊಳಕ್ಕೆ ಚಪ್ಪಲಿ ಮೆಟ್ಕೊಂಡು ಹೋಗಲ್ಲ ನಾವು.”

ಶಾಂತಾದೇವಿ ತಮ್ಮ ಅಂಗಳವನ್ನು ಇವತ್ತೇ ಕಂಡವರಂತೆ ನೋಡುತ್ತ ನಿಂತರು.

“ಹೇಳು ಮಗ, ನಿನ್ ಇಂಗ್ಲಿಷು ಕೇಳಾನ” ಎಂದು ಅಜ್ಜಿ ನಕ್ಕಳು.

ಗೌರಿ ಬಾಯಿ ತೆರೆದಳು. ನಿಮ್ಮ ಮನೆಯೆಂದೇ ತಿಳಿಯಿರಿ ಎನ್ನುವ ಆ ಇಂಗ್ಲಿಷ್ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಒಂದಕ್ಷರ ತಪ್ಪಿಲ್ಲದೆ. ಆದರೂ ಅಜ್ಜಿಯ ಬರಿಗಾಲು ನೋಡಿದಳು, ಬಾಯಿ ಮುಚ್ಚಿದಳು.

“ನಾಳೆ ಸ್ಕೂಲಲ್ಲಿ ಹೇಳ್ತೀನಿ ಅಜ್ಜಿ.”

ಮೆಟ್ಟಿಲ ಬಳಿ ಬಿಟ್ಟಿದ್ದ ತನ್ನ ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡು ಅವಳು ಗೇಟು ದಾಟಿದಳು. ಬೀದಿಯ ಮಣ್ಣಿನಲ್ಲಿ, ಅಜ್ಜಿಯ ಸವೆದ ಚಪ್ಪಲಿಯ ಪಕ್ಕದಲ್ಲಿ ಅದನ್ನು ಜೋಡಿಸಿ ಇಟ್ಟಳು. ಆಮೇಲೆ ಅಜ್ಜಿಯ ಕೈ ಹಿಡಿದು ಮೆಲ್ಲಗೆ ಒಳಗೆ ಕರೆದುಕೊಂಡು ಬಂದಳು.