ಕೆಂಪು ಕಪ್ಪಾಗಿದೆ

"ಕೈ ಹಾಕು. ಕಳ್ಳ ಅಲ್ಲದಿದ್ದರೆ ತೊಟ್ಟಿಗೆ ಕೈ ಹಾಕೋ!"

ಮೀನು ಫಾರಂ ಯಜಮಾನ ಕೂಗಿದ್ದು ನನ್ನ ತಂಗಿಯ ಗಂಡನಿಗೆ. ಅವನ ಬಲಗೈ ಬೆರಳಿಗೂ ನೀರಿಗೂ ಒಂದು ಗೇಣು ದೂರ... ಕೆಳಗೆ ಎರಡು ಪಿರಾನಾ, ಮಾಂಸ ಕಿತ್ತು ತಿನ್ನುವ ಮೀನು. ಎರಡು ದಿನದಿಂದ ಮೇವಿಲ್ಲ.

ಆ ಕೈ ಹಿಡಿದಿದ್ದವರು ಇಬ್ಬರು. ಒಬ್ಬ ಯಜಮಾನನ ಡ್ರೈವರ್.

ಇನ್ನೊಬ್ಬ ನಾನು.

ಮುಖ ಸಿಂಡರಿಸಬೇಡಿ ಸ್ವಾಮಿ, ಪೂರ್ತಿ ಕೇಳಿ. ಕಳೆದದ್ದನ್ನು ಹುಡುಕುವುದು, ಬಾಯಿ ಬಿಡದವರ ಬಾಯಿ ಬಿಡಿಸುವುದು ನನ್ನ ಕಸುಬು. ಬೆಳಿಗ್ಗೆ ಯಜಮಾನ ಕರೆಸಿದ್ದ. ಕೆಂಪು ಹೊಟ್ಟೆಯ ಪಿರಾನಾಕ್ಕೂ ಕಪ್ಪು ಪಿರಾನಾಕ್ಕೂ ಕ್ರಾಸ್ ಮಾಡಿಸಿದ್ದೆ, ಗಾಜಿನ ತೊಟ್ಟಿಯಲ್ಲಿ ಯಾರೂ ಮಾಡದ ಕೆಲಸ ಅಂದ. ಈಗ ಮರಿಗಳು ಬೆಳೆದಿವೆ, ನೋಡಿದರೆ ಎಲ್ಲ ಬರೀ ಕೆಂಪು. ದೊಡ್ಡ ತೊಟ್ಟಿಯ ಕಪ್ಪು ಮೀನೂ ಮಾಯ, ಅದರ ಜಾಗದಲ್ಲಿ ಇನ್ನೊಂದು ಕೆಂಪು. ತೊಟ್ಟಿ ನೋಡಿಕೊಳ್ಳುವವನೇ ಬದಲಾಯಿಸಿದ್ದಾನೆ, ಹಿಡಿದು ತಾ ಅಂದ.

ತೊಟ್ಟಿ ನೋಡಿಕೊಳ್ಳುವವನು ನನ್ನ ತಂಗಿಯ ಗಂಡ. ಆ ಕೆಲಸ ಕೊಡಿಸಿದವನು ನಾನು.

ತಲೆ ಕಾದ ಹೆಂಚಾಯಿತು.

ನನ್ನನ್ನು ಕಂಡದ್ದೇ ಅವನು ಓಡಿದ... ಐಸ್ ಫ್ಯಾಕ್ಟರಿ ಹಿಂದಿನ ಗಲ್ಲಿ, ಅಲ್ಲಿಂದ ಸೈಕಲ್ ಸ್ಟ್ಯಾಂಡ್, ಕೊನೆಗೆ ಗೋಡೆ. ಗೋಡೆ ಹತ್ತುವಾಗ ಕಾಲು ಹಿಡಿದು ಎಳೆದೆ. ಕೆನ್ನೆಗೆ ಎರಡು ಬಾರಿಸಿದೆ. ಯಾಕೆ ಓಡಿದೆ ಅಂತ ಕೇಳಲಿಲ್ಲ. ಅವತ್ತಿನ ನನ್ನ ಮುಖಕ್ಕೆ ಯಾರಾದರೂ ಓಡುತ್ತಿದ್ದರು. ಅದು ಆಗ ಹೊಳೆಯಲಿಲ್ಲ.

ಈಗ ಅವನ ಕೈ ತೊಟ್ಟಿಯ ಮೇಲಿತ್ತು. ಒಂದು ಮೀನು ಮೇಲಕ್ಕೆ ಬಂತು. ಆ ಕೈ ಹೋದರೆ ಅವನ ಬದುಕೂ ಹೋದ ಹಾಗೆ.

"ಭಾವ, ನನ್ನನ್ನ ನಂಬಬೇಡಿ. ಆ ಮೀನಿನ ಬಾಲ ನೋಡಿ. ಆಮೇಲೆ ಗೋಡೆ ಮೇಲಿನ ಫೋಟೊ ನೋಡಿ."

ನೋಡಿದೆ. ಬಾಲದ ಅಂಚಿನಲ್ಲಿ ಒಂದು ಕಚ್ಚು, ಬಸ್ ಟಿಕೆಟ್ ಹರಿದ ಹಾಗೆ. ಮೊಟ್ಟೆ ಬಂದಾಗ ತೆಗೆಸಿದ ಆ ಫೋಟೊದಲ್ಲಿ ಯಜಮಾನ ಹಲ್ಲು ಕಿರಿದು ನಿಂತಿದ್ದ. ಬೆನ್ನ ಹಿಂದೆ ಆ ಕಪ್ಪು ಮೀನು.

ಬಾಲದಲ್ಲಿ ಅದೇ ಕಚ್ಚು. ಅದೇ ಜಾಗದಲ್ಲಿ.

ಡ್ರೈವರ್ ಎದೆಗೆ ಮೊಣಕೈ ಕೊಟ್ಟೆ. ಕುಸಿದ. ಕೈ ಬಿಡಿಸಿ, ಯಜಮಾನನ ಕಾಲರ್ ಹಿಡಿದು ಫೋಟೊ ಮುಂದೆ ನಿಲ್ಲಿಸಿದೆ. ಮೀನು ಎಲ್ಲಿಗೂ ಹೋಗಿಲ್ಲ, ಕಣ್ಣು ಬಿಟ್ಟು ನೋಡು ಅಂದೆ.

ನನ್ನ ತಂಗಿಯ ಗಂಡ ಮೆಲ್ಲಗೆ ವಿವರಿಸಿದ. ಕೆಂಪು ಹೊಟ್ಟೆಯವು ಜೋಡಿ ಕಟ್ಟಿ, ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆ ಕಾಯುವ ಕಾಲಕ್ಕೆ ಕಾವಲು ನಿಲ್ಲುವ ಮೀನಿನ ಮೈ ಕಪ್ಪಾಗುತ್ತಂತೆ. ಮರಿ ಈಜುವ ಹೊತ್ತು ದಾಟಿದರೆ ಹಳೆಯ ಬಣ್ಣ ವಾಪಸ್. ಎರಡೂ ಒಂದೇ ಜಾತಿ. ತೊಟ್ಟಿಯಲ್ಲಿ ಕೆಂಪು ಕೆಂಪು ಸೇರಿ ಮರಿ ಮಾಡುವುದು ಹೊಸದೇನಲ್ಲ. ನಿಜವಾದ ಕಪ್ಪು ಪಿರಾನಾವನ್ನು ಜೊತೆಗೆ ಬಿಟ್ಟಿದ್ದರೆ ಮರಿ ಅಲ್ಲ, ಬರೀ ಮುಳ್ಳು ಸಿಗುತ್ತಿತ್ತು ಅಂದ.

"ಅವತ್ತೇ ಫೋನಲ್ಲಿ ಹೇಳಿದ್ದೆನಲ್ಲ ಯಜಮಾನ್ರೇ? ಕೆಂಪು ಕಪ್ಪಾಗಿದೆ, ಮೊಟ್ಟೆ ಬಂದಿದೆ ಅಂತ."

ಯಜಮಾನನಿಗೆ ಕೇಳಿಸಿದ್ದು 'ಕೆಂಪು, ಕಪ್ಪು ಆಗಿದೆ'. ಎರಡೂ ಕೂಡಿ ಮೊಟ್ಟೆ ಬಂದಿದೆ ಅಂತ! ಮೀನು ತಂದುಕೊಟ್ಟ ವ್ಯಾಪಾರಿ ಚುಕ್ಕೆಯ ಮರಿ ಎರಡು ಕೊಟ್ಟು, ಒಂದು ಕೆಂಪು ಒಂದು ಕಪ್ಪು ಅಂದಿದ್ದನಂತೆ. ಮರಿಯಲ್ಲಿ ಎಲ್ಲವೂ ಒಂದೇ ಥರ. ಅವು ಬೆಳೆದ ಮೇಲೆ ಇವನು ತೊಟ್ಟಿ ಕಡೆ ಬಂದದ್ದು ಆ ಫೋಟೊ ದಿನ ಮಾತ್ರ. ಉಳಿದದ್ದನ್ನು ಇವನ ಆಸೆ ಕೇಳಿಸಿಕೊಂಡಿತ್ತು.

ನನ್ನ ತಂಗಿಯ ಗಂಡ ಶರ್ಟಿನ ತೋಳು ಇಳಿಸಿ ಗುಂಡಿ ಹಾಕಿಕೊಂಡ. ಫ್ರಿಜ್ಜಿನಿಂದ ಮಾಂಸದ ಚೂರು ತೆಗೆದು, ಇಕ್ಕಳದಲ್ಲಿ ಹಿಡಿದು ಎರಡೂ ಮೀನಿಗೆ ತಿನ್ನಿಸಿದ. ಫಾರಂ ಕೀಲಿಕೈ ತೊಟ್ಟಿಯ ಮುಚ್ಚಳದ ಮೇಲಿಟ್ಟ.

ತಂಗಿಗೆ ಹೇಳಬೇಡ ಅಂದೆ.

"ಕೆನ್ನೆ ಊದಿದೆ ಭಾವ. ಯಾರು ಹೊಡೆದದ್ದು ಅಂತ ಕೇಳ್ತಾಳೆ. ಅವಳ ಹತ್ತಿರ ನಾನು ಯಾವತ್ತೂ ಸುಳ್ಳು ಹೇಳಿಲ್ಲ."

ಹೋದ. ಫಾರಂ ಕಡೆಗೂ ಬರಲಿಲ್ಲ, ನನ್ನ ಮನೆ ಕಡೆಗೂ ಬರಲಿಲ್ಲ. ತಂಗಿ ಫೋನ್ ಎತ್ತುವುದಿಲ್ಲ.

ಪಿರಾನಾ ಹಸಿದಾಗ ಕಚ್ಚುತ್ತೆ, ಸ್ವಾಮಿ. ನಾನು ಅವತ್ತು ಹೊಟ್ಟೆ ತುಂಬಾ ತಿಂಡಿ ತಿಂದೇ ಹೋಗಿದ್ದೆ.