ಕಂಬದ ಮೊಳೆ

"ಸಾಹೇಬ್ರ, ಆ ಮೊಳಿಗೆ ಕೈ ಹಚ್ಚಬ್ಯಾಡ್ರಿ," ಎಂದ ಬಡಗಿ ಮೈಲಾರೆಪ್ಪ. "ಈ ಮನಿಗೆ ಮಾಟ ಮಾಡಿದವನ ಅಂಗೈ ಸೇರಿಸಿ ಹೊಡದಾರ. ಮಾಟ ಅದರಾಗ ಕಟ್ಟಿಬಿದ್ದೈತಿ."

"ಅಂಗೈ ಎಲ್ಲಿ? ಗೆದ್ದಲು ತಿಂತೇನು?" ಎಂದು ಪ್ರೇಮಕುಮಾರ ನಕ್ಕ.

ಬ್ಯಾಡಗಿಯ ಪೇಟೆಯಲ್ಲಿ, ಕಾಂಕ್ರೀಟಿನ ಮಳಿಗೆಗಳ ನಡುವೆ ಉಳಿದಿದ್ದ ಮೆಣಸಿನಕಾಯಿ ವರ್ತಕನ ಸಾಗುವಾನಿ ಮನೆ ಅದು. ಮೈಸೂರಿನಿಂದ ಬಂದ ಈ ಇಂಜಿನಿಯರ್ ದುರಸ್ತಿ ಮುಗಿಸಿ ನಾಳೆಯೇ ಒಪ್ಪಿಸಬೇಕು. ಅಡ್ಡಿ ಒಂದೇ: ತಲೆಬಾಗಿಲು ಮುಚ್ಚುತ್ತಿರಲಿಲ್ಲ. ಸಂಜೆ ರಂದಾ ಹೊಡೆದು ಹದ ಮಾಡಿದರೆ ಬೆಳಿಗ್ಗೆ ಮತ್ತೆ ಉಬ್ಬಿ ಚೌಕಟ್ಟಿಗೆ ಕಚ್ಚುತ್ತಿತ್ತು. ಹಲಗೆ ತೆಳುವಾಯಿತೇ ಹೊರತು ಬಾಗಿಲು ಹಟ ಬಿಡಲಿಲ್ಲ. ಕೊನೆಗೆ ತೂಗುಗುಂಡು ಇಳಿಬಿಟ್ಟು ಅವನು ನಿರ್ಣಯಿಸಿದ: ಮೊಳೆ ಕಂಬವನ್ನು ಸೀಳಿದೆ, ಕಂಬ ತೊಲೆಯನ್ನು ಎಳೆದಿದೆ, ತೊಲೆ ಬಾಗಿಲನ್ನು. ಲೆಕ್ಕ ಸರಿಯಾಗಿಯೇ ಇತ್ತು.

"ಬೇಕಾದ್ರ ಪಗಾರ ಮುರ್ಕೋರಿ. ನಾ ಕೀಳಂಗಿಲ್ಲ." ಮೈಲಾರೆಪ್ಪ ಹೊರನಡೆದ.

ಅಂದು ಅಮಾವಾಸ್ಯೆ. ಕಸಗುಡಿಸುವ ಹೊಳಿಯವ್ವ ಹೊರಗಿನ ಕಟ್ಟೆಯ ಮೇಲೆ ಕೆಂಡಕ್ಕೆ ಮೆಣಸಿನಕಾಯಿ ಸುರಿದು ಮನೆಗೆ ದೃಷ್ಟಿ ತೆಗೆಯುತ್ತಿದ್ದಳು. ಬೀದಿಯೆಲ್ಲ ಕೆಮ್ಮುತ್ತಿತ್ತು.

"ಕೆಮ್ಮು ಬಂತಂದ್ರ ಭಯ ಇಲ್ರಿ," ಎಂದು ಅವಳು ಒಳಗಿದ್ದವನಿಗೆ ಕೂಗಿ ಹೇಳಿದಳು. "ಘಾಟು ಬರಲಿಲ್ಲಂದ್ರ ಓಡಬೇಕು ನೋಡ್ರಿ."

ಪ್ರೇಮಕುಮಾರ ಸುತ್ತಿಗೆಯ ಕೊಕ್ಕೆ ಸಿಕ್ಕಿಸಿ ಎಳೆದ. ಮೊಳೆ ಒದ್ದೆಯಾಗಿ ಬಂತು.

ಹಿಂದೆ ತಲೆಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಎಷ್ಟು ನಯವಾಗಿ ಎಂದರೆ, ಅವನಿಗೆ ಮೊದಲು ಸಮಾಧಾನವೇ ಆಯಿತು.

ಆಮೇಲೆ ಕತ್ತಲೆ. ಮುಗ್ಗಲು ಗೋಣಿಚೀಲದ, ಹಸಿ ನೆತ್ತರಿನ ವಾಸನೆ. ಹೊರಗೆ ಹೊಳಿಯವ್ವ ಕೂಗಿದಳು: "ಮೈಲಾರೆಪ್ಪ, ಘಾಟು ನಿಂತೈತೋ."

ತೊಲೆಗಳು ಉಸಿರೆಳೆದುಕೊಂಡವು. ಎಳೆದದ್ದು ಅವನ ಉಸಿರನ್ನು. ಬಾಗಿಲು ಗುದ್ದಿದ. ಅಲುಗಲಿಲ್ಲ. ಕೂಗಿದ. ದನಿ ಹೊರಡಲಿಲ್ಲ. ತಡವರಿಸಿ ಕಂಬಕ್ಕೆ ಬಂದ. ಮೊಳೆ ಇಟ್ಟು ಹೊಡೆದ. ಜಾರಿತು. ಮತ್ತೆ ಹೊಡೆದ. ಕಲ್ಲಿಗೆ ಬಡಿದಂತೆ ಚಿಮ್ಮಿತು. ತೂತು ಮುಚ್ಚಿಹೋಗಿತ್ತು. ಸವರಿದ ಎಡಗೈಯನ್ನು ಕಂಬ ಹೀರಿ ಹಿಡಿಯಿತು. ಎದೆ ಬಿರಿಯುತ್ತಿತ್ತು. ಅಂಗೈ ಸೇರಿಸಿ ಹೊಡದಾರ. ಅವನಿಗೆ ಅರ್ಥವಾಯಿತು. ಮೊಳೆಯ ಮೊನೆಯನ್ನು ಕೈಬೆನ್ನಿಗೆ ಚುಚ್ಚಿ ನಿಲ್ಲಿಸಿದ. ಸುತ್ತಿಗೆ ಎತ್ತಿದ.

ಹೊಡೆದ.

ಬಾಗಿಲು ಕಿರುಗುಟ್ಟಿ ಅರ್ಧ ತೆರೆದು ಕಚ್ಚಿಕೊಂಡು ನಿಂತಿತು. ಘಾಟು ಒಳಗೆ ನುಗ್ಗಿತು. ಅವನು ಕೆಮ್ಮಿದ, ಅತ್ತ, ಮತ್ತೆ ಕೆಮ್ಮಿದ.

"ಕೀಳಪ್ಪ, ಬೇಗ ಕೀಳು," ಎಂದ, ಹೊಳಿಯವ್ವನೊಡನೆ ಒಳಗೆ ಓಡಿಬಂದ ಮೈಲಾರೆಪ್ಪನಿಗೆ.

ಮೈಲಾರೆಪ್ಪ ಮೊಳೆಯನ್ನು ನೋಡಿದ. ಬಾಗಿಲನ್ನು ನೋಡಿದ.

"ಮೊಳಿ ಕೀಳಾಕ ಬರೂದಿಲ್ರಿ ಸಾಹೇಬ್ರ," ಎಂದು ಚೀಲ ಬಿಚ್ಚಿದ. "ಹೊಳಿಯವ್ವ, ತೋಳಿಗೆ ಹಗ್ಗ ಬಿಗೀ ಬೇ."

ಸಣ್ಣ ಹಲ್ಲಿನ ಗರಗಸವನ್ನು ಆರಿಸಿಕೊಂಡ.