ರಾಡ್ ಮುಟ್ಟಿದವರು ಯಾರು?

"ರಾಡ್ ಮುಟ್ಟಿದ್ರೆ ಕೈ ಕತ್ತರಿಸ್ತೀನಿ," ಎಂದಳು ಕ್ಯಾಪ್ಟನ್.

ಬರೀ ಬಾಯಿಮಾತಲ್ಲ. ಸ್ಟಿಯರಿಂಗ್ ಪಕ್ಕದಲ್ಲೇ ಗೇಣುದ್ದದ ಚಾಕು ಇತ್ತು.

ನನ್ನೆದುರು ಎಪ್ಪತ್ತೊಂದು ವರ್ಷದ ಹಲ್ಲಿನ ಡಾಕ್ಟರು. ಅವರ ಸೊಂಟದ ಪಟ್ಟಿಗೆ ಕೊಂಡಿ ಹಾಕಿದ ಗಾಳದ ರಾಡ್. ದಾರದ ಆ ತುದಿಯಲ್ಲಿ ನಮ್ಮ ದೋಣಿಯ ಅರ್ಧದಷ್ಟಿರುವ ಮಾರ್ಲಿನ್ ಮೀನು! ಅದು ಎಳೆದಂತೆಲ್ಲ ಡಾಕ್ಟರು ಅಂಗುಲ ಅಂಗುಲವಾಗಿ ದೋಣಿಯ ಅಂಚಿಗೆ ಜಾರುತ್ತಿದ್ದರು...

ನನಗೆ ಈಜು ಬರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕೇಳಿ ನಗುವುದು ಬೇಡ.

ಒಂದು ತಿಂಗಳು ಹಿಂದಕ್ಕೆ ಬನ್ನಿ.

ನಾನು ಪತ್ತೇದಾರ. ಇಪ್ಪತ್ತು ವರ್ಷ ಕಳ್ಳರ ಹಿಂದೆ, ಪರರ ಗಂಡಂದಿರ ಹಿಂದೆ ಅಲೆದವನು. ದ್ವೀಪಗಳ ಗಾಳದ ಕ್ಲಬ್ಬಿನ ಸೆಕ್ರೆಟರಿ ನನ್ನನ್ನು ಕರೆಸಿದ. ಅವನ ರೂಮಿನಲ್ಲಿ ಏಸಿ ಗೊರಕೆ ಹೊಡೆಯುತ್ತಿತ್ತು. ಗೋಡೆಯ ಮೇಲೆ ಅವನದೇ ಫೋಟೋ, ಹನ್ನೊಂದು ಅಡಿಯ ಮಾರ್ಲಿನ್ ಜೊತೆ. ಹದಿನಾರು ವರ್ಷದಿಂದ ಆ ದಾಖಲೆಯನ್ನು ಯಾರೂ ಮುರಿದಿರಲಿಲ್ಲ. ವರ್ಷಕ್ಕೊಮ್ಮೆ ಒಂದು ತಿಂಗಳ ಪಂದ್ಯ. ಹಿಡಿದ ಮೀನನ್ನು ದೋಣಿಯ ಪಕ್ಕಕ್ಕೆ ತಂದು, ಅಳೆದು, ಬಿಟ್ಟುಬಿಡಬೇಕು. ಮೀನು ಕಚ್ಚಿದ ಕ್ಷಣದಿಂದ ಅದು ದೋಣಿಗೆ ತಾಗುವವರೆಗೆ ಗಾಳ ಹಾಕಿದವರನ್ನು ಬಿಟ್ಟು ಇನ್ಯಾರೂ ರಾಡ್ ಮುಟ್ಟುವಂತಿಲ್ಲ. ಮುಟ್ಟಿದರೆ ದಾಖಲೆ ರದ್ದು.

"ಡಾಕ್ಟರ ದೋಣಿಗೆ ನೀನೇ ವೀಕ್ಷಕ," ಎಂದ. "ದೊಡ್ಡ ಮೀನು ಸಿಕ್ತು ಅನ್ಕೋ. ನಿನ್ನ ಒಂದು ಬೆರಳು ರಾಡಿಗೆ ತಾಗಿದ್ರೆ ಸಾಕು. ಪಾಪ, ಸಹಾಯ ಮಾಡೋಕೆ ಹೋದೆ ಅಂತೀಯ."

"ಆಗಲ್ಲ ಅಂದ್ರೆ?"

ಅವನು ಕಿಟಕಿಯಾಚೆಯ ನೀರು ತೋರಿಸಿದ. "ಇಲ್ಲಿಂದ ಜನ ಸಾಗಿಸೋ ದೋಣಿಗಳೆಲ್ಲ ನನ್ನವು. ಈಜು ಬರುತ್ತಾ?"

ಒಪ್ಪಿಕೊಂಡೆ.

ಆಮೇಲಿನ ಇಪ್ಪತ್ತೊಂಬತ್ತು ದಿನ ನಾನು ಪತ್ತೆ ಮಾಡಿದ್ದು ನನ್ನ ಹೊಟ್ಟೆಯಲ್ಲಿ ಏನೇನಿತ್ತು ಎಂಬುದನ್ನು ಮಾತ್ರ. ಬಿಸಿಲೆಂದು ಅಂಗಿ ಬಿಚ್ಚಿದರೆ ಮಳೆ. ಮಳೆಯೆಂದು ಕೋಟು ಹಾಕಿ ಗುಂಡಿ ಮುಗಿಸುವಷ್ಟರಲ್ಲಿ ಮತ್ತೆ ಬಿಸಿಲು! ಕ್ಯಾಪ್ಟನ್ ಡಾಕ್ಟರ ತಂಗಿಯ ಮಗಳು. ನಾನು ರೇಲಿಂಗ್ ಮೇಲೆ ಬಾಗಿದಾಗಲೆಲ್ಲ, ಮೀನುಗಳಿಗೆ ಊಟ ಹಾಕಿದ್ದಕ್ಕೆ ಥ್ಯಾಂಕ್ಸ್ ಹೇಳುತ್ತಿದ್ದಳು. ಡಾಕ್ಟರಂತೂ ಸಿಕ್ಕ ಮೀನಿನ ಬಾಯಿಗೆ ಟಾರ್ಚ್ ಬಿಟ್ಟು ನೋಡದೆ ವಾಪಸ್ ಕಳಿಸುತ್ತಿರಲಿಲ್ಲ. ಒಂದು ದಿನ ನನ್ನ ಬಾಯಿಗೂ ಬಿಟ್ಟರು. ನನ್ನ ದವಡೆ ಹಲ್ಲಿಗಿಂತ ಆ ಮೀನಿನದೇ ವಾಸಿಯಂತೆ.

ಇದು ಅವರ ಹತ್ತೊಂಬತ್ತನೇ ವರ್ಷ. ಕೊನೆಯದೂ ಹೌದು. ಮುಂದಿನ ತಿಂಗಳು ಭುಜದ ಆಪರೇಷನ್, ಆಮೇಲೆ ರಾಡ್ ಹಿಡಿಯುವಂತಿಲ್ಲ. ಅವರು ಅದನ್ನು ಹೇಳಲಿಲ್ಲ, ಕ್ಯಾಪ್ಟನ್ ಹೇಳಿದಳು. ನನ್ನ ಮನಸ್ಸು ಕರಗಿತು. ಪತ್ತೇದಾರನಿಗೆ ಇದು ಕೆಟ್ಟ ಕಾಯಿಲೆ.

ಮೂವತ್ತನೇ ದಿನ ಮಧ್ಯಾಹ್ನ ಮೀನು ಕಚ್ಚಿತು. ಎರಡು ಗಂಟೆ ಜಗ್ಗಾಟ. ಇದ್ದಕ್ಕಿದ್ದಂತೆ ಗಾಳಿ ಎದ್ದು, ಕನ್ನಡಿಯಂತಿದ್ದ ಸಮುದ್ರ ಕುದಿಯತೊಡಗಿತು. ಆಗಲೇ ಹಿಂದಿನಿಂದ ಸ್ಪೀಡ್‌ಬೋಟಿನ ಸದ್ದು!

ಸೆಕ್ರೆಟರಿ. ಕೊರಳಲ್ಲಿ ಕ್ಯಾಮೆರಾ.

ಅವನ ಬೋಟು ನೇರ ನಮ್ಮ ದಾರದತ್ತ ನುಗ್ಗಿತು. ಕ್ಯಾಪ್ಟನ್ ದೋಣಿಯನ್ನು ಗಿರ್ರನೆ ತಿರುಗಿಸಿದಳು. ಅವನು ಸುತ್ತು ಹಾಕಿ ಮತ್ತೆ ಬಂದ, ಅವಳು ಮತ್ತೆ ತಪ್ಪಿಸಿದಳು. ಮೂರನೇ ಸಲ ಅವನೆಬ್ಬಿಸಿದ ಅಲೆ ನಮ್ಮ ಪಕ್ಕೆಗೆ ಬಡಿಯಿತು... ಡಾಕ್ಟರು ಕೂತಿದ್ದ ಕುರ್ಚಿಯ ಬೋಲ್ಟು ಕಿತ್ತು ಬಂತು. ಅವರು ಮುಂದಕ್ಕೆ ಜಾರಿದರು.

"ಮುದುಕ ಬೀಳ್ತಾನೆ, ರಾಡ್ ಹಿಡಿ!" ಸೆಕ್ರೆಟರಿ ಕೂಗಿದ. ಕ್ಯಾಮೆರಾ ಆಗಲೇ ಕಣ್ಣಿಗೇರಿತ್ತು.

ಕ್ಯಾಪ್ಟನ್ ನನ್ನ ಕೈ ಕತ್ತರಿಸುವ ಮಾತೆತ್ತಿದ್ದು ಆಗಲೇ.

"ಕೊಂಡಿ ಬಿಚ್ಲಾ ಡಾಕ್ಟ್ರೇ?" ಎಂದೆ.

"ಬಿಚ್ಚಿದ್ರೆ ನಿನ್ನ ಹಲ್ಲು ಕೀಳ್ತೀನಿ. ಇಂಜೆಕ್ಷನ್ ಇಲ್ದೆ."

ಹಿಡಿಯಲು ಇನ್ನೇನಿತ್ತು? ತೋಳು ಒದ್ದೆ, ಹಿಡಿತಕ್ಕೆ ಸಿಗಲಿಲ್ಲ. ಅಂಗಿ ಪರ್ರನೆ ಹರಿಯಿತು. ನಾನು ಮೊಣಕಾಲೂರಿ, ಎರಡೂ ಕೈಯಿಂದ ಡಾಕ್ಟರ ಚಡ್ಡಿಯನ್ನು ಹಿಂದಿನಿಂದ ಹಿಡಿದು ಕಣ್ಣು ಮುಚ್ಚಿಕೊಂಡೆ. ಜೀವ ಬಾಯಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ.

ಇಪ್ಪತ್ತು ನಿಮಿಷ! ಚಡ್ಡಿ ಅರ್ಧ ಇಳಿಯಿತು, ನಾನು ಬಿಡಲಿಲ್ಲ. ಕ್ಯಾಮೆರಾ ಕ್ಲಿಕ್ ಎನ್ನುತ್ತಲೇ ಇತ್ತು. ಗಾಳಿ ಬಂದ ಹಾಗೇ ಹೋಯಿತು. ಮೀನು ದೋಣಿಗೆ ತಾಗಿತು. ಹನ್ನೆರಡು ಅಡಿ ಎರಡಂಗುಲ. ಡಾಕ್ಟರು ಅಳುತ್ತಲೇ ಅದರ ಬಾಯಿಗೆ ಟಾರ್ಚ್ ಬಿಟ್ಟು ನೋಡಿ ಕಳಿಸಿಕೊಟ್ಟರು.

ಸಂಜೆ ಕ್ಲಬ್ಬಿನ ಸಮಿತಿ ಸೇರಿತು. ವೀಕ್ಷಕನೇ ರಾಡ್ ಹಿಡಿದದ್ದನ್ನು ಕಣ್ಣಾರೆ ಕಂಡೆ ಎಂದ ಸೆಕ್ರೆಟರಿ. ನಾನು ಮುಟ್ಟಲಿಲ್ಲ ಎಂದೆ. ಸಮಿತಿಯ ಅಧ್ಯಕ್ಷೆ ನನ್ನ ಮುಖ ನೋಡಿದರು. ನಂಬುವಂಥ ಮುಖ ನನ್ನದಲ್ಲ, ನನಗೂ ಗೊತ್ತು.

"ನನ್ನ ಮಾತು ಬೇಡ ಮೇಡಂ," ಎಂದೆ. "ಅವರ ಕ್ಯಾಮೆರಾ ನೋಡಿ."

ಸೆಕ್ರೆಟರಿ ಕ್ಯಾಮೆರಾವನ್ನು ಮೆಲ್ಲನೆ ಬೆನ್ನ ಹಿಂದೆ ಸರಿಸಿದ. ಅಧ್ಯಕ್ಷೆ ಕೈ ಚಾಚಿದರು.

ನಲವತ್ತೆರಡು ಫೋಟೋ. ಒಂದೊಂದರಲ್ಲೂ ರಾಡ್ ಡಾಕ್ಟರ ಕೈಯಲ್ಲಿ, ಚಡ್ಡಿ ನನ್ನ ಎರಡೂ ಕೈಯಲ್ಲಿ.

ದಾಖಲೆ ನಿಂತಿತು. ಸೆಕ್ರೆಟರಿಯೂ ಅವನ ಫೋಟೋವೂ ಒಂದೇ ದಿನ ಇಳಿದರು. ಕ್ಯಾಪ್ಟನ್ ತನ್ನ ದೋಣಿಯಲ್ಲೇ ನನ್ನನ್ನು ಊರು ಮುಟ್ಟಿಸಿದಳು, ದಾರಿಯುದ್ದಕ್ಕೂ ಛೇಡಿಸುತ್ತ.

ಗೋಡೆಯ ಮೇಲೆ ಈಗ ಹೊಸ ಫೋಟೋ ಇದೆ. ಮೀನು ನೀರೊಳಗಿದೆ, ಕಾಣುವುದಿಲ್ಲ. ಕಾಣುವುದು ಡಾಕ್ಟರು, ನನ್ನ ಹತ್ತು ಬೆರಳು ಮತ್ತು ಅರ್ಧ ಇಳಿದ ಒಂದು ನೀಲಿ ಚಡ್ಡಿ.

ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ... ಫೋಟೋ ಕೃಪೆ: ಮಾಜಿ ಸೆಕ್ರೆಟರಿ.